ಎಡಗಡಿ ಸೀಟು

ನವೆಂಬರ್ ೧೨, ಮಂಗಳವಾರ

ಬಂತು. ಸರಸಂಬಾದ ದನದ ಕೊಟ್ಟಿಗ್ಯಾಗ ವರ್ಷಾನುಗಟ್ಟಲೆ ತೊಗರಿ ಹೊಟ್ಟಿನ ಕೆಳಗ ಬಿದ್ದಿದ್ದ ಆ ದರಿದ್ರ ಗಾಡಿ ಇವತ್ತ ಟ್ರ್ಯಾಕ್ಟರ್ ಟ್ರೇಲಿ ಹತ್ತಿ ಆಳಂದಕ್ಕ, ಖಾಸ ನಮ್ಮ ಅಂಗಳಕ್ಕ ಬಂತು. ನಮ್ಮನಿಯವರು ಕುಂಕುಮ ಹಚ್ಚಿ, ಕಾಯಿ ಒಡದು ಒಳಗ ಕರ್ಕೊಂಡ್ರು. ನಾ ಸೊಸಿಯಾಗಿ ಬಂದಾಗ ಅರ್ಧ ಕಾಯಿನೂ ಯಾರೂ ಒಡದಿದ್ದಿಲ್ಲ.

ಇಂಜಿನ್ ಮ್ಯಾಲಿನ ಮುಚ್ಚಳ ಎತ್ತಿದ್ರ ಒಳಗ ಇಲಿ ಗೂಡು. ಸೀಟಿನ ಕೆಳಗ ಹೆಗ್ಗಣ ಸತ್ತು ಒಣಗಿ ಹಪ್ಪಳ ಆಗಿತ್ತು. ಹಾವಿನ ಪೊರಿ ಬ್ಯಾರೆ. ಕಟಗಿ ಅಂಬೋ ಕಟಗಿ ಎಲ್ಲ ಹುಳಾ ತಿಂದು ಹಿಟ್ಟ ಆಗ್ಯದ, ಮುಟ್ಟಿದ್ರ ಉದರ್ತದ. ಥೂ, ಆ ನಾತಕ್ಕ ನನಗ ಮಧ್ಯಾಹ್ನದ ಊಟ ಇಳೀಲಿಲ್ಲ.

"ಇದು ಎಂಜಿ ಬೇ," ಅಂತಾರ ಇವರು, ಎದಿ ಉಬ್ಬಿಸಿ. "ಎರಡೇ ಸೀಟಿನ ಇಂಗ್ರೇಜಿ ರೇಸ್ ಗಾಡಿ. ಶಿವರಾಯ ಮುತ್ಯಾ ಹೈದರಾಬಾದಿನ ಒಬ್ಬ ಸಾಹೇಬನ ಕಡಿಂದ ತಂದದ್ದು. ಫ್ಯಾಕ್ಟರಿಯಿಂದ ಹೆಂಗ ಹೊರಗ ಬಂದಿತ್ತೋ ಹಂಗs ಮಾಡ್ತೇನಿ. ಒಂದ ಸ್ಕ್ರೂ ಸುದ್ದಾ ಬ್ಯಾರೆ ಇರಬಾರದು." ಫೆಬ್ರವರಿದಾಗ ಹೈದರಾಬಾದಿನಾಗ ಹಳೇ ಗಾಡಿಗಳ ಪ್ರದರ್ಶನ ಅದ ಅಂತ, ಅಲ್ಲಿ ಇದನ್ನ ನಿಲ್ಲಸ್ತಾರಂತ. ನಮ್ಮ ಬ್ಯಾಳಿ ಮಿಲ್ಲಿನಾಗ ತೊಗರಿ ರಾಶಿ ಬೀಳೋ ಹೊತ್ತು, ಮಾಲಕರಿಗೆ ಗಾಡಿ ಹುಚ್ಚು.

ಒಳಗ ಅತ್ತಿ ಇದ್ದಾರ. ದಸರಾಕ್ಕ ಬಚ್ಚಲದಾಗ ಬಿದ್ದು ಸೊಂಟದ ಎಲುಬು ಮುರ್ಕೊಂಡು ಹಾಸಿಗಿ ಹಿಡದಾರ. ಉಣಸೋದು, ತೊಳಿಯೋದು, ಹೊರಳಸೋದು ಎಲ್ಲ ನಂದೇ. ಒಂದ ಖೋಲ್ಯಾಗ ಫಿನಾಯಿಲ್ ನಾತ, ಅಂಗಳದಾಗ ಹೆಗ್ಗಣದ ನಾತ. ಬಾಯಿ ಬಿಟ್ಟು ಬೈಯಾಕ ಬರೂದಿಲ್ಲ, ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿದಾಗ ಬೈತೇನಿ.

ನವೆಂಬರ್ ೧೭, ರವಿವಾರ

ಮೂರ ಸಲ ಸ್ನಾನ ಮಾಡ್ದೆ. ಇನ್ನೂ ಮೈ ಜುಮ್ ಅಂತದ.

ಫೋಟೋ ತಗೀತೇನಿ, ಎಡಗಡಿ ಸೀಟಿನ್ಯಾಗ ಕೂಡು ಅಂದ್ರು. ಸುಡ್ಲಿ ಅಂತ ಇಳಕಲ್ ಸೀರಿ ಉಟ್ಕೊಂಡು ಕೂತೆ. ಬೆನ್ನಿಗೆ ಒಂದ ಕಬ್ಬಿಣದ ಕಂಬಿ ಒತ್ತತಿತ್ತು. ಸೀಟಿನ ಹಿಂದಿಂದ ಎದ್ದು ತಲಿ ತನಕ ನಿಂತದ, ತುದಿ ಕುದುರಿ ಲಾಳದಂಗ ಬಗ್ಯದ, ಎರಡೂ ಕಡಿ ಒಂದೊಂದ ಬಳಿ. ಫೋಟೋ ಹೈದರಾಬಾದಿನ ಪ್ರದರ್ಶನದ ಸಾಹೇಬನಿಗೆ ಹೋತು. ಅಂವ ಫೋನಿನ್ಯಾಗ, "ಇದು ಅಪರೂಪದ ರೇಸಿನ ಕಂಬಿ ಇರಬೇಕು, ನಾನೂ ನೋಡಿಲ್ಲ" ಅಂದ. ಇವರು ಮೀಸಿ ಒಳಗ ನಕ್ಕರು. ಯಾಕ ನಕ್ಕರಂತ ನನಗ ಆವಾಗ ತಿಳೀಲಿಲ್ಲ.

ಅತ್ತಿಗೆ ಗಂಜಿ ಕುಡಸೋವಾಗ ಫೋಟೋ ತೋರಿಸ್ದೆ. ನೋಡಿ ನಕ್ಕು ನಕ್ಕು ಕೆಮ್ಮಿದ್ರು. "ಅಲ್ಲೇ ನಿಮ್ಮ ಮಾವನ್ನ ಕೂಡಿಸಿದ್ದು, ಬಸವ್ವ," ಅಂದ್ರು.

ನಮ್ಮ ಮಂದ್ಯಾಗ ಹೆಣ ಮಲಗಿಸಿ ಒಯ್ಯೂದಿಲ್ಲ. ಈಬತ್ತಿ ಹಚ್ಚಿ, ಅಂಗೈಯಾಗ ಲಿಂಗ ಇಟ್ಟು, ಕೂಡಿಸಿ, ವಿಮಾನ ಕಟ್ಟಿ ಹೆಗಲ ಮ್ಯಾಲ ಒಯ್ತಾರ. ಈ ಮನ್ಯಾಗ ಮಾತ್ರ ಗಾಡಿನೇ ವಿಮಾನ ಅಂತ. ಮೊದಲ ಹೋದದ್ದು ಗಾಡಿ ತಂದ ಶಿವರಾಯ ಮುತ್ಯಾ. ಕುತ್ತಿಗಿ ವಾಲಬಾರದಂತ ಕಮ್ಮಾರ ಕಂಬಿ ಮಾಡಿ ಕೂಡಿಸ್ದ, ಬಡಿಗ್ಯಾ ಸೀಟಿನ ಬೆನ್ನ ಕೊಯ್ದು ಎತ್ತರ ಮಾಡ್ದ. ಆಮ್ಯಾಲ ಮುತ್ಯಾನ ಹೆಂಡತಿ. ಆಮ್ಯಾಲ, ನಾ ಈ ಮನಿಗೆ ಬರೋಕಿಂತ ಮೊದಲs, ನಮ್ಮ ಮಾವ ಅಮರನಾಥ. ಅವರಾದ ಮ್ಯಾಲ ಗಾಡಿ ಹೊಟ್ಟಿನ ಕೆಳಗ ಹೋತು.

ಮೂರು ಹೆಣ ಕೂತ ಸೀಟಿನ್ಯಾಗ ನಾ ಹಲ್ಲ ತೆರದು ಕೂತಿದ್ದೆ.

"ನಿಮಗ ಗೊತ್ತಿದ್ದಿಲ್ಲೇನ್ರಿ?" ಅಂತ ಕೇಳ್ದೆ.

"ಗೊತ್ತಿತ್ತು. ಹೇಳಿದ್ರ ನೀ ಕೂಡ್ತಿದ್ದೇನು?"

ಇಂಥವರ ಜೋಡಿ ಇಪ್ಪತ್ತಾರ ವರ್ಷ ಸಂಸಾರ ಮಾಡೀನಿ.

ನವೆಂಬರ್ ೨೬, ಮಂಗಳವಾರ

ನನ್ನ ಹಿಟ್ಟ ನಾದೋ ಪರಾತದಾಗ ಕಾರ್ಬೊರೇಟರ್ ನೆನಿ ಇಟ್ಟಾರ. ರೊಟ್ಟಿಗೆ ಘಾಸಲೇಟ್ ವಾಸನಿ. ಇವರು ಗೊತ್ತs ಆಗದಂಗ ನಾಕ ರೊಟ್ಟಿ ತಿಂದ್ರು. ಇವರ ನಾಲಿಗಿನೂ ತುಕ್ಕ ಹಿಡದದ.

ಡಿಸೆಂಬರ್ ೪, ಬುಧವಾರ

ಬಸ್ ಸ್ಟ್ಯಾಂಡ್ ಹಿಂದ ಗ್ಯಾರೇಜ್ ಇಟ್ಟ ಆಫ್ತಾಬ ದಿನಾ ಬರಾಕತ್ತಾನ. ಗಾಡಿ ಬಿಚ್ಚಿ ಬಿಚ್ಚಿ ಅಂಗಳದ ತುಂಬ ಹರವ್ಯಾನ, ಕಾಲಿಡಾಕ ಜಾಗ ಇಲ್ಲ. ಬಣ್ಣ ಕೆರದ್ರ ನೀಲಿ, ಅದರ ಕೆಳಗ ಕೆಂಪು, ಎಲ್ಲಾಕಿಂತ ಕೆಳಗ ಹಸರ. ಆ ಹಸರ ಕಂಡು ನಮ್ಮನಿಯವರು ಕೂಸ ಹುಟ್ಟಿದಂಗ ಕುಣದ್ರು. ಬಂಡಿ ಬಡಿಗ್ಯಾ ಹಾಕಿದ್ದ ಜಾಲಿ ಕಟಗಿ ಎಲ್ಲ ತಗಸ್ಯಾರ, ಹುಳಾ ತಿಂದದ್ದೂ ಹೋತು, ಗಟ್ಟಿ ಇದ್ದದ್ದೂ ಹೋತು. ಯಾಕಂದ್ರ ಅದು ಇಂಗ್ಲಂಡಿನ ಕಟಗಿ ಅಲ್ಲ.

ಅತ್ತಿ ಅವರನ್ನ ಕರದ್ರು. ನಾ ಕಾಲಿಗೆ ಎಣ್ಣಿ ತಿಕ್ಕಾಕತ್ತಿದ್ದೆ.

"ಅರುಣ, ಆ ಗಾಡ್ಯಾಗ ಅಫಜಲಪುರದಿಂದ ಮದಿಮಗಳಾಗಿ ಬಂದೀನಿ. ಎಡಗಡಿ ಸೀಟಿನ್ಯಾಗ. ಹಾದಿ ತುಂಬ ಧೂಳ, ಹಣಿಗೆ ಕಟ್ಟಿದ ಹೂವಿನ ದಂಡಿ ಹಾರಿ ಹೋಗ್ತದಂತ ತಲಿ ಹಿಡ್ಕೊಂಡೇ ಬಂದೆ. ಬಂದ ಸೀಟಿನ್ಯಾಗ ಹೋಗ್ತೇನಿ. ನಿಮ್ಮಪ್ಪನೂ ಹಂಗs ಹೋಗ್ಯಾನ. ಮತ್ತೇನೂ ಬೇಡಾಂಗಿಲ್ಲ ನಿನಗ."

"ಹೂಂ ಅವ್ವ, ಆತು," ಅಂದ್ರು ಇವರು. ಅಕಿ ಕೈ ಹಿಡದು ಅಂದ್ರು. ಹೊರಗ ಬಂದು ಚಪ್ಪಲಿ ಮೆಟ್ಟಿಕೊಂಡು ಆಫ್ತಾಬಗ ಅಂದ್ರು, "ಆ ಕಂಬಿ ನಾಳೆ ತೆಗದ ಬಿಡು. ತೂತ ಕಾಣಬಾರದು."

ಕಿವಿಲೆ ಕೇಳೀನಿ. ನನಗ ಅತ್ತಿ ಮ್ಯಾಲ ಅಂಥಾ ಜೀವ ಏನಿಲ್ಲ. ಹೊಸದಾಗಿ ಬಂದಾಗ ನನ್ನ ರೊಟ್ಟಿ ಎತ್ತಿ ಬೆಳಕಿಗೆ ಹಿಡದು, ಇದರಾಗ ಸರಸಂಬಾ ಕಾಣ್ತದ, ಅಂದಾಕಿ ಅಕಿ. ಆದ್ರ ಹೊಟ್ಟಿಲೆ ಹುಟ್ಟಿದ ಮಗ ಮಾರಿ ನೋಡಿ ಸುಳ್ಳ ಹೇಳೋದು ಕಂಡ್ರ ಹೇಸಿಕಿ ಬರ್ತದ.

ಡಿಸೆಂಬರ್ ೧೩, ಶುಕ್ರವಾರ

ಗುಜರಿಯವ ಬಂದಿದ್ದ. ಜಾಲಿ ಕಟಗಿ, ಗಿಲಿಟು ಹೋದ ಹಳೇ ಪಟ್ಟಿ, ತುಕ್ಕ ಹಿಡದ ನಟ್ಟು ಎಲ್ಲ ಒಯ್ದ. ಕಂಬಿ ಕೊಡಲಿಲ್ಲ ನಾ. ಯಾಕಂದ್ರ ನನಗ ಬೇಕಾಗಿತ್ತು. ಅತ್ತಿಗೆ ಮಲಗಿದಲ್ಲೇ ಗಂಜಿ ಹಾಕಿದ್ರ ನೆತ್ತಿಗೇರ್ತದ, ಎತ್ತಿ ಕೂಡಿಸಿದ್ರ ಒಂದ ಕಡಿ ವಾಲ್ತಾರ, ಒಂದ ಕೈಲೆ ಅವರನ್ನ ಹಿಡಿಲ್ಯೋ ಚಮಚ ಹಿಡಿಲ್ಯೋ. ಮಂಚದ ತಲಿಕಡಿ ಕಂಬಿ ಬಿಗದು, ಹಳೇ ಸೀರಿ ಬಗಲಾಗ ಹಾಸಿ ಆ ಎರಡ ಬಳಿಗೆ ಕಟ್ಟಿದೆ. ಬರೋಬರಿ ಕೂತ್ರು. ಬಿಗಿ ಆದ್ರ ಉಸರ ಸಿಗಬೀಳ್ತದ, ಸಡಿಲ ಆದ್ರ ಜಾರ್ತಾರ, ಎರಡ ಬೆರಳ ಹೋಗೋವಷ್ಟು ಬಿಡಬೇಕು.

ಹೆಣದ ಕಂಬಿ ಅಂತ ನನಗ ಮುಟ್ಟಾಕs ಹೇಸಿಕಿ. ಹುಣಸಿ ಹಣ್ಣ ಹಚ್ಚಿ ತಿಕ್ಕಿ ತೊಳದೀನಿ.

ಅತ್ತಿ ಹಿಂದ ಕೈ ಆಡಿಸಿ ನೋಡಿದ್ರು. ಗುರ್ತ ಹಿಡದ್ರು. "ಈಗಿಂದs ರೂಢಿ ಮಾಡ್ಸಾಕತ್ತಿ ಏನಬೇ?" ಅಂದ್ರು.

"ಸರಳ ಕೂಡ್ರಿ ಅತ್ತಿ, ಗಂಜಿ ಚೆಲ್ತದ," ಅಂದೆ. ಇಬ್ಬರಿಗೂ ನಗಿ ಬಂತು. ಗಂಜಿ ಚೆಲ್ಲೇ ಚೆಲ್ತು, ಮತ್ತ ಎಲ್ಲ ಒರಿಸಬೇಕಾತು.

ಡಿಸೆಂಬರ್ ೩೦, ಸೋಮವಾರ

ಎಳ್ಳ ಅಮಾಸಿ. ಊರs ಹೊಲಕ್ಕ ಹೋಗ್ಯದ. ನಾ ಭಜ್ಜಿ ಮಾಡಿ, ಸಜ್ಜಿ ರೊಟ್ಟಿ ಬಡದು, ಬುತ್ತಿ ಕಟ್ಟಿ ಇವರನ್ನೂ ಮಿಲ್ಲಿನ ಮಂದಿನ್ನೂ ಕಳಿಸಿ ಅತ್ತಿ ಜೋಡಿ ಮನ್ಯಾಗ ಉಳದೆ. ನನ್ನ ಹಬ್ಬ ಹಿಂಗ.

ಆಫ್ತಾಬ ಒಬ್ಬನೇ ಗಾಡಿ ಮುಂದ ಕೂತಿದ್ದ. "ವೈನಿಯವರ, ಒಂದ ಸ್ವಲ್ಪ ಕೈ ಹಚ್ಚಬೇಕಾಗ್ಯದ್ರಿ. ನಾ ಇಂಜಿನ್ ನೋಡ್ತೇನಿ, ನೀವ ಒಳಗ ಕೂತು ಕೀಲಿ ತಿರುವ್ರಿ." ಸೀಟಿಲ್ಲ, ಬರೇ ಹಲಗಿ. ಬಲಗಡಿ ಕೂತೆ, ಎಡಗಡಿಗೆ ನಾ ಸತ್ರೂ ಕೂಡಾಂಗಿಲ್ಲ. ಕೀಲಿ ತಿರುವಿದ್ರ ಎಲ್ಲೋ ಟಿಕ್ ಟಿಕ್ ಟಿಕ್ ಅಂತು. ಪೆಟ್ರೋಲ್ ಪಂಪಂತ ಅದು. ಗುಂಡಿ ಎಳದೆ. ಎರಡ ಸಲ ಕೆಮ್ಮಿ, ಮೂರನೇ ಸಲ ಹತ್ತಿಕೊಂತು ಮುದಿಗಾಡಿ. ಕರ್ರಗಿನ ಹೊಗಿ ಎದ್ದು, ಒಣಗಾಕ ಹಾಕಿದ ನನ್ನ ಅರಿವಿ ಎಲ್ಲ ಮಸಿ. ಅಕ್ಕಲ್ ಇಲ್ಲದ ಆಫ್ತಾಬ ಕುಣ್ಯಾಕತ್ತಿದ್ದ.

ಒಳಗಿಂದ ಅತ್ತಿ ಕೂಗಿದ್ರು. ಏನಾತೋ ಅಂತ ಓಡಿದೆ. ಕಣ್ಣಾಗ ನೀರ ತುಂಬ್ಕೊಂಡಿದ್ರು. "ಆ ಟಿಕ್ ಟಿಕ್ ನಾ ಲಗ್ನದಾಗ ಕೇಳಿದ್ದು ಬಸವ್ವ. ಒಳಗ ಹಲ್ಲಿ ಸಿಕ್ಕದ, ತಗೀರಿ ಅಂದಿದ್ದೆ ನಿಮ್ಮ ಮಾವಗ." ಇನ್ನೊಮ್ಮೆ ಮಾಡು ಅಂದ್ರು. ಹೊರಗ ಹೋಗಿ ಕೀಲಿ ತಿರುವಿದೆ. ಇನ್ನೊಮ್ಮೆ ಅಂದ್ರು. ಬ್ಯಾಟ್ರಿ ಇಳೀತದ ವೈನಿಯವರ, ಅಂದ ಆಫ್ತಾಬ. ಇಳದ್ರ ಇಳೀಲಿ ಅಂದೆ.

ಜನವರಿ ೧೪, ಮಂಗಳವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಬಾಯಾಗ, ಒಳ್ಳೆ ಮಾತ ಎಲ್ಲಿಂದ ತರ್ಲಿ.

ಗಾಡಿಗೆ ಹಸರ ಬಣ್ಣ ಆಗ್ಯದ. ಸೀಟಿನ ಬೆನ್ನು ಈಗ ಎರಡಕ್ಕೂ ಕೂಡಿ ಒಂದs, ಫ್ಯಾಕ್ಟರಿದಾಗ ಹಂಗs ಇತ್ತಂತ. ಹೊಸಾ ತೊಗಲು, ಅದರ ಮ್ಯಾಲ ಪ್ಲಾಸ್ಟಿಕ್, ಅದರ ಮ್ಯಾಲ ಚಾದರ. ಇವರು ಸುದ್ದಾ ಚಾದರ ಸರಿಸಿ, ನೋಡಿ, ಮತ್ತ ಮುಚ್ತಾರ. ಯಾರೂ ಕೂಡಬಾರದು. ಹೆತ್ತ ಅವ್ವನ ಖೋಲ್ಯಾಗ ದಿನಕ್ಕ ಒಮ್ಮೆ ಹಣಿಕಿ, ಗಾಡಿಗೆ ಹತ್ತ ಸಲ.

ಇವರು ಮಿಲ್ಲಿಗೆ ಹೋದ ಮ್ಯಾಲ ಆಫ್ತಾಬ ಚಾದರ ತಗೀತಾನ. ಗಾಡಿ ಹಿಂದ ಮುಂದ ಆಡಿಸಬೇಕಾಗ್ತದ, ಅಂವಗ ಸಪ್ಪಳ ಹೊರಗಿಂದ ಕೇಳಬೇಕು, ಹಂಗಾಗಿ ನಾ ಹೊಡೀತೇನಿ. ತವರಮನಿ ಕೊಳಕೂರದಾಗ ಅಪ್ಪನ ಟ್ರ್ಯಾಕ್ಟರ್ ಹೊಡದ ಕೈ ಇದು. ಈ ಮನಿಗೆ ಬಂದ ಮ್ಯಾಲ ಸ್ಕೂಟಿ ಬಿಟ್ಟು ಏನೂ ಮುಟ್ಟಗೊಟ್ಟಿಲ್ಲ ಯಾರೂ. ಟ್ರ್ಯಾಕ್ಟರ್ ಛಲೋ. ಇದರ ಕ್ಲಚ್ಚು ಕಲ್ಲು. ಮೊದಲನೇ ಗೇರ್ ಪೂರಾ ನಿಂತಾಗಷ್ಟs ಬೀಳ್ತದ, ಇಲ್ಲಾಂದ್ರ ಹಲ್ಲ ಕಡೀತದ. ಹಿಂದಿನ ಕಾರ್ಬೊರೇಟರ್ ಹೆಚ್ಚ ಕುಡಿಯಾಕತ್ತದ ಅಂತ ನಿನ್ನಿ ಹೇಳ್ದೆ. ಆಫ್ತಾಬ ಒಪ್ಪಲಿಲ್ಲ. ಇವತ್ತ ಬಿಚ್ಚಿ ನೋಡಿ ಸೂಜಿ ಬದಲ ಮಾಡ್ದ.

ದರಿದ್ರ ಗಾಡಿ. ನಾಳೆ ಕ್ಲಚ್ಚಿನ ತಂತಿ ಬಿಗಿ ಮಾಡು ಅಂದೀನಿ.

ಜನವರಿ ೨೩, ಗುರುವಾರ

ಅತ್ತಿ ಗಂಜಿ ಬಿಟ್ಟಾರ. ನೀರಷ್ಟs. ಬೆನ್ನಿನ ಹುಣ್ಣ ತೊಳದು ಮುಲಾಮ ಹಚ್ಚಿದೆ. ಮೊದಲ ಮೂಗಿಗೆ ಸೆರಗ ಕಟ್ಕೊಂಡು ತೊಳೀತಿದ್ದೆ, ಈಗ ಸೆರಗ ಅಡ್ಡ ಬರ್ತದ, ಹಂಗs ತೊಳೀತೇನಿ.

"ಗಾಡಿ ತಯಾರ ಆತೇನ?" ಅಂತ ಮಗನ್ನ ಕೇಳಿದ್ರು. "ಆತವ್ವ," ಅಂದ್ರು ಇವರು. ಪಡಸಾಲಿಗೆ ಬಂದ ಮ್ಯಾಲ ನಾನs ಕೇಳ್ದೆ, ಕಂಬಿ ಯಾವಾಗ ಹಚ್ಚತೀರಿ ಅಂತ.

"ಹುಚ್ಚ ಹಿಡದದೇನು ನಿನಗ? ಎರಡ ವಾರದಾಗ ಪ್ರದರ್ಶನ ಅದ. ಈಬತ್ತಿ, ಹೂವಿನ ನೀರು, ಆ ಹೊಸಾ ತೊಗಲಿನ ಗತಿ ಏನು? ಟ್ರ್ಯಾಕ್ಟರಿಗೆ ಹೂವ ಕಟ್ಟಿ ಛಂದ ಒಯ್ಯೂಣಂತ."

"ಮತ್ತ ಹೂಂ ಅಂದ್ರಿ?"

"ಅಂದೆ. ಸತ್ತವರು ಬಂದು ನೋಡ್ತಾರೇನು?"

ಅತ್ತಿಗೊಂದ ಕಾಲ ಸೊಸಿಗೊಂದ ಕಾಲ ಅಂತಾರ. ಮಗನ ಕಾಲ ಯಾವಾಗ ಮುಗೀತದ ಅಂತ ಯಾರೂ ಹೇಳಿಲ್ಲ. ಇವರ ತಾಟಿನ್ಯಾಗ ಅನ್ನ ಹಾಕಾಕ ಕೈ ಬರಲಿಲ್ಲ ಇವತ್ತ. ನೀವs ಹಾಕ್ಕೋರಿ ಅಂತ ಎದ್ದು ಬಂದೆ.

ಫೆಬ್ರವರಿ ೧, ಶನಿವಾರ

ಅತ್ತಿ ಹೋದ್ರು. ಸಂಜಿ ಮುಂದ ನೀರ ಕುಡಸಾಕ ಕಂಬಿಗೆ ಕಟ್ಟಿ ಕೂಡಿಸಿದ್ದೆ. ಕೂತಲ್ಲೇ ಹೋದ್ರು. ನಾ ಮತ್ತ ಮಲಗಿಸಲಿಲ್ಲ, ಹೆಂಗೂ ಕೂಡಿಸೋದs ಇತ್ತು.

ಫೆಬ್ರವರಿ ೩, ಸೋಮವಾರ

ನಿನ್ನಿ ಮಣ್ಣ ಆತು.

ಅಫಜಲಪುರದ ಮಂದಿ ಬರೋದ್ರಾಗ ಹೊತ್ತ ಏರಿತ್ತು. ಭಜನಿಯವರು ಕೂತಿದ್ರು. ಮಠದ ಅಯ್ಯನವರು, "ವಿಮಾನ ತಯಾರ ಅದನ?" ಅಂದ್ರು. ನಮ್ಮನಿಯವರು ತಲಿ ಕೆಳಗ ಹಾಕಿ, "ಟ್ರ್ಯಾಕ್ಟರಿಗೆ ಹೂವ ಕಟ್ಟಾಕತ್ತಾರ್ರಿ ಅಯ್ಯನವರ," ಅಂದ್ರು. ನಾ ಅತ್ತಿ ಹಣಿಗೆ ಈಬತ್ತಿ ಹಚ್ಚಾಕತ್ತಿದ್ದೆ. ಮೈಯೆಲ್ಲ ಉರೀತು ನೋಡು, ಎದ್ದು ಅಂಗಳಕ್ಕ ಹೋಗಿ ಗಾಡಿ ಮ್ಯಾಲಿನ ಚಾದರ ಎಳದು ಒಗದೆ.

"ಆಫ್ತಾಬ, ತೂತ ಕೊರಿಯೋ ಮಶಿನ್ ತಾ. ಕಂಬಿ ಮಂಚಕ್ಕ ಅದ, ಬಿಚ್ಕೊಂಡು ಬಾ."

ಅಂವ ಮಾಲಕರ ಮಾರಿ ನೋಡ್ದ.

"ಮುಟ್ಟಬ್ಯಾಡ," ಅಂದ್ರು ಇವರು. ನನ್ನ ಹತ್ರ ಬಂದು ಸಣ್ಣ ದನಿಲೆ, "ಒಂದ ವಾರ ಅದ ಬಸವೇಶ್ವರಿ. ಒಂದs ವಾರ. ಅವ್ವ ಇದ್ದಿದ್ರ ತಿಳ್ಕೋತಿದ್ಲು."

"ಅವ್ವ ಇದ್ದಾಗ ನೀವು ಹೂಂ ಅಂದ್ರಿ. ಕೈ ಹಿಡದು ಅಂದ್ರಿ, ನಾ ಕಾಲ ತಿಕ್ಕಾಕತ್ತಿದ್ದೆ. ಈಗ ಒಳಗ ಹೋಗ್ರಿ, ಅವರ ಮುಂದ ಕೂಡ್ರಿ, ಅದು ಸುಳ್ಳವ್ವ ಅಂತ ಹೇಳಿ ಬರ್ರಿ. ನಾನs ಟ್ರ್ಯಾಕ್ಟರಿಗೆ ಹೂವ ಕಟ್ತೇನಿ."

ಇಷ್ಟ ಮಂದಿ ಮುಂದ ಹಿಂದೆಂದೂ ಅವರಿಗೆ ಎದುರ ಮಾತಾಡಿಲ್ಲ ನಾ. ಭಜನಿ ನಿಂತಿತ್ತು. ಒಳಗ ಹೋದ್ರು ಇವರು. ಅತ್ತಿ ಇನ್ನೂ ಅದೇ ಕಂಬಿಗೆ ಕೂತಿದ್ರು, ಕಣ್ಣ ಮುಚ್ಚಿ, ಗಂಜಿಗೆ ಕಾಯೋರಂಗ. ಇವರು ಅವರ ಸೆರಗ ಸರಿ ಮಾಡಿದ್ರು. ಹೊರಗ ಬಂದು ಸೀಟಿನ ಪ್ಲಾಸ್ಟಿಕ್ ಎರಡೂ ಕೈಲೆ ಹರದ್ರು. ಆಫ್ತಾಬ ಮಶಿನ್ ತಂದ. ಹೊಸಾ ಕಟಗ್ಯಾಗ ತೂತ ಬೀಳೋವಾಗ ಇವರು ಆ ಕಡಿ ಮಾರಿ ಮಾಡಿ ನಿಂತ್ರು.

ಅತ್ತಿನ್ನ ಕಟ್ಟಿದ್ದು ನಾನs. ಬಗಲಾಗ ಸೀರಿ ಹಾಸಿ, ಎರಡ ಬಳಿಗೆ ಗಂಟ ಹಾಕಿ, ಎರಡ ಬೆರಳ ಜಾಗ ಬಿಟ್ಟು. ಉಸರ ಇಲ್ಲ, ಜಾಗ ಯಾಕ ಬೇಕು, ಆದ್ರ ಕೈ ಹಂಗs ಕಟ್ತು. ಹಣಿ ತುಂಬ ಈಬತ್ತಿ, ಅಂಗೈಯಾಗ ಲಿಂಗ, ಹಸರ ಸೀರಿ. ಛಂದ ಕಂಡ್ರು.

ಹೊಡಿಯಾಕ ಇವರು ಕೂತ್ರು. ಕ್ಲಚ್ಚ ಪೂರಾ ಒತ್ತಲಿಲ್ಲ. ಗೇರ್ ಹಲ್ಲ ಕಡೀತು. ಎರಡ ಸಲ ಬಂದ್ ಬಿತ್ತು ಗಾಡಿ. ಮೂರನೇ ಸಲಕ್ಕ ಸ್ಟೇರಿಂಗ್ ಚಕ್ಕರದ ಮ್ಯಾಲ ತಲಿ ಇಟ್ಟು ಅತ್ರು, ಸಣ್ಣ ಹುಡುಗ್ರಂಗ. ಇಳೀರಿ ಅಂದೆ. ಯಾರೋ ಹಿಂದ, "ಹೆಣ್ಣಮಗಳು ಹೊಡೀತಾಳೇನು?" ಅಂದ್ರು. ಅಯ್ಯನವರು ಅವರ ಕಡಿ ನೋಡಲೂ ಇಲ್ಲ. "ನಡೀ ತಾಯಿ, ಹೊತ್ತ ಆಗಾಕತ್ತದ," ಅಂದ್ರು.

ಟಿಕ್ ಟಿಕ್ ಅಂತು. ಗುಂಡಿ ಎಳದೆ. ಒಂದs ಸಲಕ್ಕ ಹತ್ತಿಕೊಂತು.

ಸರಸಂಬಾ ಹಾದಿ ಮ್ಯಾಲಿನ ನಮ್ಮ ಹೊಲದ ತನಕ ಮೊದಲನೇ ಗೇರಿನ್ಯಾಗs ಒಯ್ದೆ. ಮುಂದ ಭಜನಿ, ಹಿಂದ ಮಂದಿ, ಮಾಳಗಿ ಮ್ಯಾಲ ಹೆಣ್ಣಮಕ್ಕಳು. ಬಾಜೂ ಮನಿ ಸುಭದ್ರಾಬಾಯಿ ಬಾಯಿಗೆ ಸೆರಗ ಹಚ್ಚಿ ನಿಂತಿದ್ಲು, ಇನ್ನ ಒಂದ ತಿಂಗಳ ಅಕಿ ಬಾಯಿಗೆ ಬಿಡುವಿಲ್ಲ. ಇಂಜಿನ್ ಕಾದು ಕಾಲ ಸುಡಾಕತ್ತಿತ್ತು. ಬಸ್ ಸ್ಟ್ಯಾಂಡ್ ಹತ್ರ ದಿಬ್ಬ ಹಾರಿದಾಗ ಅತ್ತಿ ತಲಿ ವಾಲಿ ನನ್ನ ಹೆಗಲ ಮ್ಯಾಲ ಬಂತು.

"ಸರಳ ಕೂಡ್ರಿ ಅತ್ತಿ," ಅಂದೆ.

ಬಾಯಿಗೆ ರೂಢಿ ಆಗಿತ್ತು, ತಾನs ಬಂತು. ಅಂದ ಮ್ಯಾಲ ಅಳು ತಡಿಲಿಲ್ಲ ನನಗ. ಗಾಡಿ ನಿಲ್ಲಿಸಲಿಲ್ಲ. ತಲಿ ಅಲ್ಲೇ ಇತ್ತು, ಹೊಲ ಬರೋ ತನಕ.

ತಿರುಗಿ ಬರೋವಾಗ ಇವರು ಎಡಗಡಿ ಸೀಟಿನ್ಯಾಗ ಕೂತ್ರು. ಬೆನ್ನಿಗೆ ಕಂಬಿ ಒತ್ತತಿತ್ತು, ಸರಕೊಳ್ಳಲಿಲ್ಲ. ತೊಗಲ ಮ್ಯಾಲ ಈಬತ್ತಿ, ಚೆಂಡ ಹೂವಿನ ಕಲಿ, ಬಿಲ್ಪತ್ರಿ. ಕೈಲೆ ಒರಸಾಕ ಹೋಗಿ ಬಿಟ್ರು. ಹಾದ್ಯಾಗ ಒಂದs ಮಾತ ಆಡಿದ್ರು, "ನೀ ಯಾವಾಗ ಕಲ್ತಿ?" ಅಂಗಳದಾಗ ದಿನಾ ಬಿದ್ದ ಗಾಲಿ ಗುರ್ತ ಕಾಣಲಾರದವರಿಗೆ ಏನ್ ಹೇಳೋದು.

ಇವತ್ತ ಮುಂಜಾನಿ ಆಫ್ತಾಬ ಬಂದು, "ಕಂಬಿ ತಗೀಲೇನ್ರಿ ಮಾಲಕರ? ಪ್ರದರ್ಶನಕ್ಕ ಇನ್ನೂ ಹೊತ್ತದ," ಅಂದ. ಇವರು ನನ್ನ ಕಡಿ ನೋಡಿದ್ರು.

"ಇರ್ಲಿ," ಅಂದೆ. "ಒಯ್ಯೋದಿದ್ರ ಹಿಂಗs ಒಯ್ರಿ. ರೇಸಿನ ಕಂಬಿ ಅಂತ ಆ ಸಾಹೇಬನೇ ಹೇಳ್ಯಾನಲ್ಲ."

ಮೂರ ಸಲ ಸೋಪ ಹಚ್ಚಿದ್ರೂ ಕೈಯಿಂದ ಪೆಟ್ರೋಲ್ ನಾತ ಹೋಗವಲ್ದು, ಹೇಸಿಕಿ. ಆ ಎಡಗಡಿ ಸೀಟಿನ್ಯಾಗ ಒಂದ ದಿನ ನಾ ಕೂಡೋದು ಇದ್ದೇ ಅದ. ಅಲ್ಲಿ ತನಕ ಬಲಗಡಿ ಸೀಟು ನಂದು. ಕೀಲಿ ನನ್ನ ಸೆರಗಿನ ಗಂಟಿನ್ಯಾಗ ಅದ, ಇವರು ಇನ್ನೂ ಕೇಳಿಲ್ಲ.